ಲಾಕ್‌ಡೌನ್ ಇನ್ನೂ ಮುಗಿದಿಲ್ಲ, ಮನಿ ಖಾಲಿ ಮಾಡಂತಾರ. ಮಗ್ಗ ಹೊತಗೊಂಡು ಎಲ್ಲಿಗಿ ಹೋಗೂದ್ರಿ?

ವಡಗಾವಿ ನೇಕಾರ
11 ಜೂನ್ 2021, ಮುಂಜಾನೆ 7:50

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ಓದತಿದ್ದೆ, ಬರಿಯೂದು ಇದ ಮೊದಲ.

ನಾವು ಬೆಳಗಾವಿ ವಡಗಾವಿಯೊಳಗ ಒಂಬತ್ತು ವರ್ಷದಿಂದ ಒಂದ ಮನಿಯೊಳಗ ಭಾಡಿಗಿ ಅದೇವಿ. ಮುಂದಿನ ಪಡಸಾಲ್ಯಾಗ ಎರಡು ಪವರ್‌ಲೂಮ್, ಹಿಂದ ಒಂದು ಖೋಲಿ, ಅಡಗಿಮನಿ. ತಿಂಗಳಿಗೆ 4,500 ಭಾಡಿಗಿ, 30,000 ಡಿಪಾಜಿಟ್. ಏಪ್ರಿಲ್ 27ಕ್ಕ ಬಂದ್ ಆದದ್ದು ಇನ್ನೂ ತೆಗದಿಲ್ಲ. ನಿನ್ನೆ ಟಿವಿಯಾಗ ಹೇಳಿದ್ರು, ಉಳಿದ ಜಿಲ್ಲಾಕ್ಕ 14ರಿಂದ ಸಡಿಲ, 11 ಜಿಲ್ಲಾಕ್ಕ 21ರ ತನಕ ಹಿಂಗ ಅಂತ. ಆ 11ರಾಗ ನಮ್ಮದೂ ಐತಿ.

ಏಪ್ರಿಲ್, ಮೇ ಎರಡು ತಿಂಗಳ ಭಾಡಿಗಿ ಕೊಟ್ಟಿಲ್ಲ, ಖರೆ. ಸಾವಕಾರ್ರು ನೂಲು ಕೊಡೂದು ನಿಲ್ಲಿಸ್ಯಾರ. ನೇಯ್ದು ಕೊಟ್ಟ ಸೀರಿ ಅವರ ಅಂಗಡ್ಯಾಗ ಗಂಟು ಕಟ್ಟಿ ಹಂಗ ಕುಂತಾವ, ಮಜೂರಿ ಬಂದಿಲ್ಲ. ಒಂದು ಮಗ್ಗದ ಮ್ಯಾಲ ಹಾಸು (ಉದ್ದಕ್ಕ ಕಟ್ಟಿದ ಎಳಿ) ಅರ್ಧಕ್ಕ ನಿಂತೈತಿ. ದಿನಾ ಮುಂಜಾನೆ ಧೂಳ ಝಾಡಿಸಿ ಮತ್ತ ಧೋತರ ಮುಚ್ಚತೀನಿ.

ಮೊನ್ನೆ ಮನಿ ಮಾಲಕರು ಬಂದು "30ಕ್ಕ ಖಾಲಿ ಮಾಡ್ರಿ, ಇಲ್ಲಂದ್ರ ನಾನ ಕೀಲಿ ಹಾಕತೀನಿ" ಅಂದ್ರು. ಬರೇ ಬಾಯಿಮಾತು, ಕಾಗದ ಏನೂ ಕೊಟ್ಟಿಲ್ಲ. 2012ರಾಗ 11 ತಿಂಗಳ ಕರಾರು ಮಾಡಿದ್ವಿ, ಆಮ್ಯಾಲ ಮಾಡಿಸೇ ಇಲ್ಲ. ಮಗ್ಗ ಅಂದ್ರ ಟ್ರಂಕ್ ಅಲ್ಲರಿ, ಕೈಯಾಗ ಹಿಡಕೊಂಡು ಹೋಗಾಕ. ಬಿಚ್ಚಬೇಕು, ಹೊರಬೇಕು, ಹೊಸಾ ಜಾಗಾದಾಗ ಲೆವಲ್ ನೋಡಿ ಕೂಡಿಸಾಕ ಮಿಸ್ತ್ರಿ ಬೇಕು. ಮಗ್ಗದ ಕರೆಂಟು ಯೂನಿಟ್‌ಗೆ 1 ರೂಪಾಯಿ 25 ಪೈಸಾದ ಸವಲತ್ತಿನ ಮೀಟರ್, ಅದೂ ಈ ಮನಿ ಮ್ಯಾಲನ ಐತಿ.

ಇಂಥಾ ರೋಗದ ಟೈಮ್‌ನಾಗ ಹಿಂಗ ಹೊರಗ ಹಾಕಾಕ ಬರ್ತೈತೇನ್ರಿ? ತಿಳಿದವರು ಹೇಳ್ರಿ.

ಖಾಸಬಾಗ ಅಕ್ಕ
11 ಜೂನ್, 8:05

ಕೀಲಿ ಹಾಕಾಕ ಬರಂಗಿಲ್ಲ ತಮ್ಮಾ. ಹೆದರಬ್ಯಾಡ.

ಉದ್ಯಮಬಾಗ ಟರ್ನರ್
11 ಜೂನ್, 8:22

ಅಣ್ಣಾರ, ಕೇಂದ್ರ ಗೃಹ ಇಲಾಖೆ ಆದೇಶನ ಐತಿ. ಕಾರ್ಮಿಕರಿಗೆ ಭಾಡಿಗಿ ಕೇಳಂಗಿಲ್ಲ, ಖಾಲಿ ಮಾಡ್ರಿ ಅನ್ನಂಗಿಲ್ಲ. ಹೋದ ವರ್ಷ ನಮ್ಮ ಫೌಂಡ್ರಿ ಹುಡುಗೂರು ಅದನ್ನ ಮೊಬೈಲ್‌ನಾಗ ತೋರಿಸಿ ಒಂದು ತಿಂಗಳು ಪಾರಾದ್ರು. ನೀವೂ ಅದನ್ನ ಪ್ರಿಂಟ್ ತಗಸಿ ಬಾಗಿಲಿಗೆ ಹಚ್ಚಿಬಿಡ್ರಿ. ಒಂದು ರೂಪಾಯಿ ಕೊಡಬ್ಯಾಡ್ರಿ.

ಕರಿಕೋಟು
11 ಜೂನ್, 9:40

ಟರ್ನರ್ ಸಾಹೇಬ್ರ, ನಿಮ್ಮ ಕಳಕಳಿ ಸರಿ, ಸಲಹೆ ತಪ್ಪು. ಅದನ್ನ ನಂಬಿ ಇವರು ಭಾಡಿಗಿ ಬಿಟ್ಟರ ಕೇಸ್ ಅವರ ಮ್ಯಾಲನ ತಿರುಗ್ತದ. ನಾನು ಇಲ್ಲೇ ಸಿವಿಲ್ ಪ್ರಾಕ್ಟೀಸ್ ಮಾಡತೀನಿ, ಸ್ವಲ್ಪ ಬಿಡಿಸಿ ಹೇಳತೀನಿ.

ನೀವು ಹೇಳೂ ಆದೇಶ 2020ರ ಮಾರ್ಚ್ 29ರದ್ದು, ವಿಪತ್ತು ನಿರ್ವಹಣಾ ಕಾಯ್ದೆ 2005ರ ಅಡಿಯಲ್ಲಿ ಬಂದದ್ದು. ಕಾರ್ಮಿಕರಿಂದ, ಅದರಾಗ ವಲಸೆ ಬಂದವರಿಂದಲೂ, ಒಂದು ತಿಂಗಳ ಭಾಡಿಗಿ ಕೇಳಬಾರದು ಅಂತ ಇತ್ತು. ಕಾರ್ಮಿಕರನ್ನ, ವಿದ್ಯಾರ್ಥಿಗಳನ್ನ ಒತ್ತಾಯದಿಂದ ಹೊರಗ ಹಾಕಿದರ ಕ್ರಮ ಅಂತಲೂ ಇತ್ತು. ಅದು ಆಗಿನ ಲಾಕ್‌ಡೌನ್‌ಗೆ ಹೊರಡಿಸಿದ್ದು. ಈ ಸಲದ ಲಾಕ್‌ಡೌನ್ ರಾಜ್ಯ ಸರ್ಕಾರದ್ದು. ಹಳೇ ಆದೇಶ ಬಾಗಿಲಿಗೆ ಹಚ್ಚಿದರ ಈಗ ರಕ್ಷಣೆ ಸಿಗೂದಿಲ್ಲ.

ಎರಡನೇದು, ಭಾಡಿಗಿ ಮಾಫ್ ಅಂತ ಯಾರೂ ಹೇಳಿಲ್ಲ. 2020ರ ಮೇ 21ಕ್ಕ ದಿಲ್ಲಿ ಹೈಕೋರ್ಟ್ ಖಾನ್ ಮಾರ್ಕೆಟ್‌ನ ಅಂಗಡಿ ಒಂದರ ಕೇಸಿನಾಗ ಇದನ್ನ ನೇರ ನೋಡ್ತು. ಲಾಕ್‌ಡೌನ್ ಅಂತ ಭಾಡಿಗಿ ನಿಲ್ಲಂಗಿಲ್ಲ, ಕಟ್ಟಾಕ ಸ್ವಲ್ಪ ಸಮಯ ಕೊಡಬಹುದು ಅಂದ್ರು. ಬಾಕಿ ಬಾಕಿನ.

ಆದರ ಮಾಲಕರಿಗೂ ಕೀಲಿ ಹಾಕೂ ಅಧಿಕಾರ ಇಲ್ಲ. ಇದು ರೋಗದ ಟೈಮ್‌ಗಷ್ಟ ಅಲ್ಲ, ಯಾವಾಗಲೂ ಇಲ್ಲ. ಭಾಡಿಗಿದಾರನ್ನ ಕಾನೂನು ದಾರಿ ಬಿಟ್ಟು ಹೊರಗ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 1989ರಾಗ ಮತ್ತ ಸ್ಪಷ್ಟ ಮಾಡ್ಯದ. ಕೀಲಿ ಹಾಕಿಬಿಟ್ಟರಪಾ ಅಂದ್ರ, ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಂ ಪ್ರಕಾರ 6 ತಿಂಗಳ ಒಳಗ ದಾವಾ ಹಾಕಿದರ ಸ್ವಾಧೀನ ವಾಪಸ್ ಸಿಗ್ತದ. ಮನಿ ಯಾರದು ಅನ್ನೂ ಪ್ರಶ್ನೆ ಅಲ್ಲಿ ಬರೂದೇ ಇಲ್ಲ, ನೀವು ಅಲ್ಲಿ ಇದ್ದಿರಿ, ಒತ್ತಾಯದಿಂದ ಹೊರಗ ಹಾಕಿದರು, ಅಷ್ಟ ಸಾಕು.

ಟಿಳಕವಾಡಿ ಮನಿಮಾಲಕ
11 ಜೂನ್, 11:15

ಎಲ್ಲಾರೂ ಭಾಡಿಗಿದಾರರ ಕಡೆನ ಮಾತಾಡ್ತೀರಿ. ನನ್ನದೂ ಒಂದೀಟು ಕೇಳ್ರಿ.

ನಾನು ಪಿಂಚಣಿ ಇಲ್ಲದ ಖಾಸಗಿ ನೌಕರಿಯಿಂದ ನಿವೃತ್ತ ಆದವ. ಮ್ಯಾಲ ಎರಡು ಖೋಲಿ ಕಟ್ಟಿಸಿ 6,000ಕ್ಕ ಭಾಡಿಗಿ ಕೊಟ್ಟೀನಿ, ಅದ ನಮ್ಮ ಔಷಧ, ಅದ ನಮ್ಮ ಸಂತಿ. 2020ರ ಮಾರ್ಚ್‌ದಿಂದ ಸೆಪ್ಟೆಂಬರ್ ತನಕ ಏಳು ತಿಂಗಳು ಒಂದು ಪೈ ಕೊಡಲಿಲ್ಲ. ನಾ ಒಂದು ದಿನ ಬಾಗಿಲು ಬಡದಿಲ್ಲ, ಅವರ ಮನ್ಯಾಗೂ ಸಣ್ಣ ಮಕ್ಕಳಿದ್ದು ಅಂತ ಸುಮ್ಮನಿದ್ದೆ. ಒಂದು ಮುಂಜಾನೆ ಎದ್ದು ನೋಡಿದರ ಮ್ಯಾಲ ಯಾರೂ ಇಲ್ಲ. 42,000 ಭಾಡಿಗಿ ಹೋತು, ಹೆಸ್ಕಾಂ ಕರೆಂಟು ಬಿಲ್ ಬ್ಯಾರೆ ನನ್ನ ತಲಿಮ್ಯಾಲ.

ಮನಿ ಸಾಲದ ಕಂತು ಮುಂದೂಡತಾರ ಅಂತ ರಿಸರ್ವ್ ಬ್ಯಾಂಕ್ ಹೇಳಿದಾಗ ಮಾರ್ಚ್‌ದಿಂದ ಆಗಸ್ಟ್ ತನಕ ನಿಲ್ಲಿಸಿದೆ. ಮಾಫ್ ಅಂತ ತಿಳಕೊಂಡಿದ್ದೆ. ಅಲ್ಲ, ಬಡ್ಡಿ ನಡದ ಇತ್ತು. ಬಡ್ಡಿ ಮ್ಯಾಲಿನ ಬಡ್ಡಿಯಷ್ಟ ಆಮ್ಯಾಲ ಸರ್ಕಾರ ವಾಪಸ್ ಹಾಕಿತು. ಉಳಿದದ್ದು ಕಟ್ಟಾಕ ಕಂತು ಉದ್ದ ಆದ್ವು. ಮಾಲಕ ಅಂದ ಕೂಡಲೆ ಸಾಹುಕಾರ ಅಂತ ತಿಳಿಯೂದು ಬಿಡ್ರಿ.

ಖಾಸಬಾಗ ಅಕ್ಕ
11 ಜೂನ್, 11:40

ಕಾಕಾ, ನಿಮಗ ಆದದ್ದು ಅನ್ಯಾಯನ. ಆದ್ರ ಈ ತಮ್ಮ ಓಡಿಹೋಗೂ ಮನಷ್ಯಾ ಅಲ್ಲ. ಎರಡು ಮಗ್ಗ ನೆಲಕ್ಕ ಕೂಡಿಸ್ಯಾನ, ರಾತ್ರೋರಾತ್ರಿ ಎಲ್ಲಿಗಿ ಓಡತಾನು?

ನಮ್ಮ ಓಣ್ಯಾಗ ಈ ಎರಡು ವರ್ಷದಾಗ ಎಷ್ಟು ಮಂದಿ ಮಗ್ಗ ಗುಜರಿಗೆ ಹಾಕ್ಯಾರ ನೋಡ್ರಿ. ಲಕ್ಷ ರೂಪಾಯಿ ಸಾಲಾ ಮಾಡಿ ತಂದ ಮಗ್ಗ, ಕಿಲೋ ಲೆಕ್ಕದಾಗ ತೂಗಿ ಒಯ್ದರು. ಒಮ್ಮೆ ಜಾಗಾ ಬಿಟ್ಟಂವ ಮತ್ತ ಮಗ್ಗ ಕೂಡಸೂದು ಕಷ್ಟ. ಅದಕ್ಕ ಅಂವ ಅಷ್ಟು ಹೆದರ್ಯಾನ.

ಗುಮ್ಮಟದೂರು
11 ಜೂನ್, 12:10

ಪೋಲೀಸ್ ಸ್ಟೇಶನ್‌ಗೆ ಒಂದು ಅರ್ಜಿ ಕೊಟ್ಟು ಇಟ್ಟಿರ್ರಿ. ಇಲ್ಲಿ ವಿಜಯಪುರದಾಗ ನಮ್ಮ ಗೆಳೆಯಾಗ ಹಿಂಗ ಆಗಿತ್ತು. ಆದ್ರ ಪೋಲೀಸರು "ಇದು ಸಿವಿಲ್ ಮ್ಯಾಟರ್" ಅಂತ ಹೇಳಿ ಅಂವನ್ನ ವಾಪಸ್ ಕಳಸ್ಯಾರ.

ಕರಿಕೋಟು
11 ಜೂನ್, 12:35

ಭಾಡಿಗಿ ಬಾಕಿ, ಖಾಲಿ ಮಾಡೂದು ಸಿವಿಲ್ ಮ್ಯಾಟರ್, ಖರೆ. ಬಾಗಿಲಿಗೆ ಕೀಲಿ ಜಡಿಯೂದು, ಸಾಮಾನು ಹೊರಗ ಒಗಿಯೂದು, ಧಮಕಿ ಹಾಕೂದು ಸಿವಿಲ್ ಮ್ಯಾಟರ್ ಅಲ್ಲ. ಅತಿಕ್ರಮ ಪ್ರವೇಶ, ಬೆದರಿಕೆ ದಂಡ ಸಂಹಿತೆಯೊಳಗ ಬರ್ತಾವ. ಅರ್ಜಿಯೊಳಗ "ಭಾಡಿಗಿ ಜಗಳ" ಅಂತ ಬರಿಯಬ್ಯಾಡ್ರಿ. "ಇಂಥಾ ದಿನ ಕೀಲಿ ಹಾಕತೀನಿ ಅಂತ ಧಮಕಿ ಹಾಕ್ಯಾರ" ಅಂತ ಬರೀರಿ. ಅರ್ಜಿ ಕೊಟ್ಟದ್ದಕ್ಕ ಸಿಕ್ಕಾ ಹಾಕಿದ ಸ್ವೀಕೃತಿ ತಗೊಳ್ರಿ. ಆ ಹೊತ್ತಿಗೆ ಗದ್ದಲ ಆದ್ರ 112ಕ್ಕ ಫೋನ್ ಮಾಡ್ರಿ.

ಬನಹಟ್ಟಿ ಹಾಸು
11 ಜೂನ್, ಮಧ್ಯಾಹ್ನ 3:20

ನಾವೂ ನೇಕಾರರ, ರಬಕವಿ-ಬನಹಟ್ಟಿ. ಒಂದು ಮಾತು ಯಾರೂ ಹೇಳಲಿಲ್ಲ. ಮಗ್ಗ ಹಾಕಿದ ಜಾಗಾ ಅಂದ್ರ ತಯಾರಿಕೆ ಜಾಗಾ. ತಯಾರಿಕೆ ಸಲುವಾಗಿ ಕೊಟ್ಟ ಭಾಡಿಗಿ ವರ್ಷದ ಲೆಕ್ಕ, ಖಾಲಿ ಮಾಡಸಾಕ 6 ತಿಂಗಳ ನೋಟೀಸ್ ಬೇಕು. ನಮ್ಮ ಕಡೆ ಒಬ್ಬ ಹಿರಿಯರು ಹಿಂಗ ಹೇಳಿ ಮಾಲಕರನ್ನ ಸುಮ್ಮನ ಕುಂದ್ರಸ್ಯಾರ. ವಕೀಲರು ಇದನ್ನ ಯಾಕ ಬಿಟ್ರಿ?

ಕರಿಕೋಟು
11 ಜೂನ್, 5:05

ಬಿಟ್ಟಿಲ್ಲ, ಅಲ್ಲಿಗೇ ಬರತಿದ್ದೆ. ಭಾರಿ ಪಾಯಿಂಟು ಹಿಡದೀರಿ, ಆದ್ರ ಅರ್ಧ.

ಮೊದಲು ಯಾವ ಕಾಯ್ದೆ ಅಂತ ನೋಡೋಣ. ಕರ್ನಾಟಕ ಬಾಡಿಗೆ ಕಾಯ್ದೆ 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ಕ್ಕ. ಅದರ ರಕ್ಷಣೆ ಸಣ್ಣ ಭಾಡಿಗಿಯವರಿಗಷ್ಟ: ದೊಡ್ಡ ಊರುಗಳಾಗ ತಿಂಗಳಿಗೆ 3,500ರ ತನಕ, ಉಳಿದ ಕಡೆ 2,000ದ ತನಕ. ಆ ಮಿತಿಯೊಳಗ ಇದ್ದವರಿಗೆ ಬಾಕಿ ಕೇಳಿ ನೋಟೀಸ್ ಬಂದ ಮ್ಯಾಲ ಕಟ್ಟಾಕ ಎರಡು ತಿಂಗಳು ಸಿಗ್ತದ, ಕಾಯ್ದೆಯೊಳಗ ಹೇಳಿದ ಕಾರಣ ಬಿಟ್ಟು ಖಾಲಿ ಮಾಡಸಾಕ ಬರಂಗಿಲ್ಲ. ನಮ್ಮ ನೇಕಾರಣ್ಣಂದು 4,500, ಎರಡೂ ಮಿತಿ ದಾಟ್ಯದ. ಅದಕ್ಕ ಆ ಕಾಯ್ದೆ ಹತ್ತಂಗಿಲ್ಲ, ಸ್ವತ್ತು ವರ್ಗಾವಣೆ ಕಾಯ್ದೆ 1882 ಹತ್ತತದ. 20 ವರ್ಷದ ಹಿಂದಿನ ಮಿತಿಯನ್ನ ಇನ್ನೂ ಏರಸಿಲ್ಲ, ಇವತ್ತು 3,500ಕ್ಕ ಬೆಳಗಾವಿಯಾಗ ಪತ್ರಾಸಿನ ಖೋಲಿ ಸಿಗೂದು ಕಷ್ಟ. ಯಾರಿಗೆ ರಕ್ಷಣೆ ಬೇಕೋ ಅವರ ಹೊರಗ ಉಳದಾರ. ಇದು ನನಗ ಬಹಳ ಸಂಕಟ ತರೂ ಮಾತು.

1882ರ ಕಾಯ್ದೆ 106ನೇ ಕಲಂ: ತಯಾರಿಕೆ ಸಲುವಾಗಿ ಕೊಟ್ಟದ್ದು ವರ್ಷದ ಭಾಡಿಗಿ, 6 ತಿಂಗಳ ನೋಟೀಸ್. ಬನಹಟ್ಟಿಯವರು ಹೇಳಿದ್ದು ಇದ. ಆದರ 107ನೇ ಕಲಂ ಪ್ರಕಾರ ವರ್ಷದ ಭಾಡಿಗಿ ಅಂದ್ರ ಕರಾರು ನೋಂದಣಿ ಆಗಿರಬೇಕು. ನೋಂದಣಿ ಇಲ್ಲದಿದ್ದರ ತಿಂಗಳ ಭಾಡಿಗಿ ಅಂತಲೇ ಹಿಡೀಬೇಕು, 15 ದಿನದ ನೋಟೀಸ್ ಸಾಕು ಅಂತ 2001ರಾಗ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ. ನಿಮ್ಮ ಹಿರಿಯರ ಮಾತಿಗೆ ಮಾಲಕರು ಸುಮ್ಮನಾದ್ರು, ಕೋರ್ಟಿನಾಗ ಎದುರಿನ ವಕೀಲ ಸುಮ್ಮನ ಆಗಂಗಿಲ್ಲ.

ಹಂಗಾರ ಇವರದು ಏನು? 11 ತಿಂಗಳ ಕರಾರು ಮುಗಿದ ಮ್ಯಾಲೂ ಮಾಲಕರು ಭಾಡಿಗಿ ತಗೋತ ಬಂದಾರ, ಅದಕ್ಕ ತಿಂಗಳಿಂದ ತಿಂಗಳಿಗೆ ನಡೆಯೂ ಭಾಡಿಗಿ. ಸಹಿ ಮಾಡಿದ, ಬರವಣಿಗಿಯ 15 ದಿನದ ನೋಟೀಸ್ ಬೇಕು. ಅದರ ಮ್ಯಾಲೂ ಇವರು ಬಿಡದಿದ್ದರ ಮಾಲಕರು ದಾವಾ ಹಾಕಬೇಕು, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ತಗೋಬೇಕು, ಕೋರ್ಟಿನ ಅಮೀನ ಬಂದು ಸ್ವಾಧೀನ ಕೊಡಸಬೇಕು. ಬಾಯಿಮಾತಿನ 30ನೇ ತಾರೀಖಿಗೆ ಕಾನೂನಿನಾಗ ಬೆಲಿ ಇಲ್ಲ.

ಬನಹಟ್ಟಿ ಹಾಸು
11 ಜೂನ್, 5:30

ಒಪ್ಪಿದೆ ಸಾಹೇಬ್ರ. ಇದು ಗೊತ್ತಿರಲಿಲ್ಲ. ನಮ್ಮ ಹಿರಿಯರಿಗೂ ಓದಿ ಹೇಳತೀನಿ.

ವಿದ್ಯಾಗಿರಿ ಹುಡುಗ
11 ಜೂನ್, ಸಂಜೆ 6:45

ನಡುವ ಬಾಯಿ ಹಾಕತೀನಿ, ಕ್ಷಮಸ್ರಿ. ಬಾಗಲಕೋಟೆ ವಿದ್ಯಾಗಿರಿಯೊಳಗ ಮೂರು ಗೆಳೆಯರು ಕೂಡಿ ಖೋಲಿ ಮಾಡಿದ್ವಿ. ಏಪ್ರಿಲ್ ಕೊನಿಗೆ ಊರಿಗೆ ಬಂದ್ವಿ. ಈಗ ಎರಡು ತಿಂಗಳ ಭಾಡಿಗಿ ಕೊಟ್ಟರನ ಸಾಮಾನು ಅಂತ ಮಾಲಕರು ನಮ್ಮ ಕೀಲಿ ಮ್ಯಾಲ ತಮ್ಮ ಕೀಲಿ ಹಾಕ್ಯಾರ. ಒಳಗ ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡು ಒಂದು ಪ್ಲಾಸ್ಟಿಕ್ ಫೈಲ್‌ನಾಗ ಅದಾವ. ಮಳಿಗೆ ಆ ಖೋಲಿ ಸೋರ್ತೈತಿ, ಫೈಲ್ ಕಿಡಕಿ ಕೆಳಗ ಐತಿ. ನನಗ ರಾತ್ರಿ ನಿದ್ದಿ ಹತ್ತವಲ್ದು. ಅಪ್ಪ ಬೇಸಾಯದವ, ಹೋಗಿ ಜಗಳಾ ಮಾಡೂ ಧೈರ್ಯ ಇಲ್ಲ.

ಕರಿಕೋಟು
11 ಜೂನ್, 7:10

ಖೋಲಿ ಬಿಟ್ಟಿಲ್ಲಂದ್ರ ಭಾಡಿಗಿ ಕೊಡಬೇಕಾಗ್ತದ, ನೀನು ಅಲ್ಲಿ ಮಲಗಲಿಲ್ಲ ಅಂದ ಮಾತ್ರಕ್ಕ ತಪ್ಪಂಗಿಲ್ಲ. ಆದರ ಮಾರ್ಕ್ಸ್ ಕಾರ್ಡ್ ಒತ್ತಿ ಇಟ್ಟುಕೊಳ್ಳೂ ಹಕ್ಕು ಅವರಿಗಿಲ್ಲ. ಮೊದಲು ಒಂದು ಮೆಸೇಜ್ ಹಾಕು: "ದಾಖಲೆ ತಗೊಳ್ಳಾಕ ಇಂಥಾ ದಿನ ಬರತೀನಿ, ಬಾಕಿ ಇಷ್ಟು, ಇಂತಿಂಥಾ ದಿನ ಕೊಡತೀನಿ." ಅದು ದಾಖಲೆ ಆಗ್ತದ. ಆಗಲಿಲ್ಲಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, 15100.

ನವನಗರ ಸೆಕ್ಟರ್
11 ಜೂನ್, 8:30

ಹುಡುಗಾ, ನಾ ನವನಗರದಾಗ ಅದೀನಿ, ವಿದ್ಯಾಗಿರಿ ಹತ್ರನ. ಮಾಲಕರ ನಂಬರ್ ನನಗ ಖಾಸಗಿಯಾಗಿ ಕಳಸು, ನಾಳೆ ಮುಂಜಾನೆ ಹಾಲು ತರಾಕ ಹೋದಾಗ ಮಾತಾಡಿ ಬರತೀನಿ. ಫೈಲ್ ಒಂದು ತಗೊಂಡು ಕೊಟ್ಟರ ಅವರದೇನು ಹೋಗ್ತೈತಿ.

ನೇಕಾರಣ್ಣಂಗ: ಜೂನ್ 2ಕ್ಕ ಕೇಂದ್ರ ಸಚಿವ ಸಂಪುಟ ಹೊಸಾ ಬಾಡಿಗೆ ಕಾಯ್ದೆ ಒಪ್ಪೇತಲ್ಲ? ಅದರಾಗ ಇಂಥಾ ವಿಪತ್ತಿನ್ಯಾಗ ಖಾಲಿ ಮಾಡಸಂಗಿಲ್ಲ ಅಂತ ಓದಿದೆ. ಅದು ನಡೀತೈತೇನು?

ಕರಿಕೋಟು
11 ಜೂನ್, 9:00

ಅದು ಮಾದರಿ ಕಾಯ್ದೆ. ರಾಜ್ಯಗಳು ತಮ್ಮ ವಿಧಾನಸಭೆಯೊಳಗ ಪಾಸ್ ಮಾಡಿಕೊಂಡರನ ಕಾಯ್ದೆ ಆಗ್ತದ. ವಿಪತ್ತಿನ ಟೈಮ್‌ನಾಗ ಅವಧಿ ಮುಗಿದರೂ, ವಿಪತ್ತು ಮುಗಿದ ಒಂದು ತಿಂಗಳ ತನಕ ಅದ ಷರತ್ತಿನ ಮ್ಯಾಲ ಇರಾಕ ಬಿಡಬೇಕು ಅಂತ ಅದರಾಗ ಅದ. ವಾಸದ ಮನಿಗೆ ಡಿಪಾಜಿಟ್ ಎರಡು ತಿಂಗಳಕಿಂತ ಹೆಚ್ಚು ಬ್ಯಾಡ ಅಂತಲೂ ಅದ. ಛಲೋ ಮಾತು, ಇವತ್ತು ನಮ್ಮ ಕೈಗೆ ಬಂದಿಲ್ಲ.

ಹೋದ ವರ್ಷ ಏಪ್ರಿಲ್‌ನಾಗ ನಮ್ಮ ಹೈಕೋರ್ಟ್ ತೆರವು, ಕೆಡವುವ ಆದೇಶ ತಡೆಹಿಡಿದಿತ್ತು ಅಂತ ಯಾರರ ಹೇಳಿದರ, ಅದೂ ಕೋರ್ಟಿನಿಂದ ಈಗಾಗಲೇ ಆಗಿದ್ದ ಆದೇಶಗಳ ಸಲುವಾಗಿ. ಮಾಲಕರ ಬಾಯಿಮಾತಿಗೂ ಅದಕ್ಕೂ ಸಂಬಂಧ ಇಲ್ಲ.

ನವನಗರ ಸೆಕ್ಟರ್
11 ಜೂನ್, 9:25

ತಿಳೀತು. ನಾವು ಮುಳುಗಡಿ ಮಂದಿ, ನಮ್ಮ ಹಳೇ ಊರು ಆಲಮಟ್ಟಿ ಹಿನ್ನೀರಿಗೆ ಹೋತು, ಮನಿ ಬಿಡ್ರಿ ಅನ್ನೂ ಮಾತು ಕೇಳಿದರ ಹೊಟ್ಯಾಗ ಕಿವುಚಿದಂಗ ಆಗ್ತೈತಿ. 2019ರ ಆಗಸ್ಟ್ ಪ್ರವಾಹಕ್ಕ ನಮ್ಮ ತಂಗಿ ಊರಾಗ ಮಲಪ್ರಭಾ ನೀರು ಹೊಕ್ಕು ಮನಿ ಬಿತ್ತು. ಇಲ್ಲಿಗೆ ಭಾಡಿಗಿಗೆ ಬಂದ್ರು, ಆರು ತಿಂಗಳಾಗ ಮನಿ ಕಟ್ಟಿ ಹೋಗತೀವಿ ಅಂತ. ಸರ್ಕಾರದ 5 ಲಕ್ಷ ಹಂತ ಹಂತವಾಗಿ ಬರ್ತೈತಿ, ಕೆಲಸ ನಡದರನ ಮುಂದಿನ ಕಂತು. ಲಾಕ್‌ಡೌನ್‌ಗೆ ಗೌಂಡಿ ಇಲ್ಲ, ಸಿಮೆಂಟ್ ಇಲ್ಲ. ಇಲ್ಲಿ ಮಾಲಕರು "ಆರು ತಿಂಗಳು ಅಂದಿದ್ರಿ" ಅಂತ. ಅವರದೂ ತಪ್ಪಿಲ್ಲ, ತಂಗಿದೂ ತಪ್ಪಿಲ್ಲ. ಗೋಡಿ ಪಾಯಾದ ಮ್ಯಾಲ ಎರಡು ಫೂಟು ಎದ್ದು ನಿಂತು ಎರಡು ಮಳಿಗಾಲ ಕಂಡೈತಿ.

ಸಿಸ್ಟರ್ ವಿಜಯಪುರ
12 ಜೂನ್, ಬೆಳಗಿನ ಜಾವ 1:30

ನೈಟ್ ಡ್ಯೂಟಿಯೊಳಗ ಓದಲಿಕತ್ತೀನಿ. ಭಾಡಿಗಿ ಬಾಕಿ ಇಲ್ಲದಿದ್ರೂ ಹೊರಗ ಹಾಕ್ತಾರ ಅನ್ನೂದು ನನಗ ಗೊತ್ತದ. 2020ರ ಮಾರ್ಚ್ ಕೊನಿಗೆ ನಾ ಡ್ಯೂಟಿ ಮುಗಿಸಿ ಬಂದಾಗ ಮನಿಯೊಡತಿ ಗೇಟಿಗೆ ಕೀಲಿ ಹಾಕಿ ಒಳಗಿಂದನ "ರೋಗ ತರ್ತಿ, ಎರಡು ದಿನದಾಗ ಬಿಡು" ಅಂದ್ರು. ಯೂನಿಫಾರ್ಮ್ ಮ್ಯಾಲನ ಗೇಟಿನ ಹೊರಗ ಒಂದು ತಾಸು ಕುಂತೆ. ಓಣಿ ಮಂದಿ ಕಿಡಕ್ಯಾಗಿಂದ ನೋಡ್ತಿದ್ರು.

ಆಮ್ಯಾಲ ಸರ್ಕಾರ ಡಾಕ್ಟರು, ನರ್ಸುಗಳನ್ನ ಮನಿ ಬಿಡಸಿದ್ರ ಕ್ರಮ ಅಂತು. ಏಪ್ರಿಲ್ 22ಕ್ಕ ಸಾಂಕ್ರಾಮಿಕ ರೋಗಗಳ ಕಾಯ್ದೆ 1897ಕ್ಕ ತಿದ್ದುಪಡಿ ಸುಗ್ರೀವಾಜ್ಞೆ ಬಂತು. ಆರೋಗ್ಯ ಸಿಬ್ಬಂದಿಗೆ ಕಿರುಕುಳ ಕೊಟ್ಟರ 3 ತಿಂಗಳಿಂದ 5 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ಆದ್ರ ನನಗ ಆ ರಾತ್ರಿ ಕಾಯ್ದೆ ಉಪಯೋಗಕ್ಕ ಬರಲಿಲ್ಲ. ನಮ್ಮ ವಾರ್ಡಿನ ಆಶಾ ಅಕ್ಕ ಬಂದು ಮನಿಯೊಡತಿ ಜೋಡಿ ಮಾತಾಡಿದ್ರು. ಹಿಂದಿನ ಬಾಗಿಲಿಂದ ಬರೂದು, ಹಿತ್ತಲ ಬಚ್ಚಲದಾಗ ಸ್ನಾನ ಮಾಡಿ ಅರಬಿ ಬಿಸಿನೀರಿಗೆ ಹಾಕಿ ಒಳಗ ಹೋಗೂದು, ಹಂಗ ಒಪ್ಪಿಕೊಂಡ್ರು. ಆ ಮನಿಯೊಳಗ ಇನ್ನೂ ಅದೀನಿ. ಅವರದು ಸಿಟ್ಟಾಗಿರಲಿಲ್ಲ, ಅಂಜಿಕಿ. ಮನಿಯೊಳಗ ಉಸಿರಾಟದ ತೊಂದರಿ ಇದ್ದ ಮುದುಕರಿದ್ರು.

ಅಣ್ಣಾ, ನಿಮ್ಮ ಮಾಲಕರು ಯಾಕ ಖಾಲಿ ಮಾಡಂತಾರ ಅನ್ನೂದು ಕೇಳೀರಾ?

ಟಿಳಕವಾಡಿ ಮನಿಮಾಲಕ
12 ಜೂನ್, 7:15

ಸಿಸ್ಟರ್ ಅವ್ವಾ, ಅದನ್ನ ನಾನೂ ಕೇಳೂದಿತ್ತು. ಒಂಬತ್ತು ವರ್ಷ ಸುಮ್ಮನಿದ್ದವರು ಎರಡು ತಿಂಗಳ ಬಾಕಿಗೆ ಕೀಲಿ ಹಾಕತೀನಿ ಅಂತಾರಂದ್ರ ಬ್ಯಾರೆ ಏನೋ ಇರಬೇಕು. ನೇಕಾರ್ರ, ಪೂರಾ ಹೇಳ್ರಿ.

ವಡಗಾವಿ ನೇಕಾರ
12 ಜೂನ್, 8:40

ಹೇಳತೀನ್ರಿ. ಮೊದಲ ಬರಿಬೇಕಾಗಿತ್ತು, ನಾಚಿಕಿ ಬಂತು.

ಮಾಲಕರ ಮಗ ಪುಣೆಯೊಳಗ ಹೋಟೆಲ್ ಕೆಲಸಕ್ಕಿದ್ದ. ಹೋಟೆಲ್ ಮುಚ್ಚಿ ಮೇ ತಿಂಗಳಾಗ ಹೆಂಡ್ತಿ, ಎರಡು ಮಕ್ಕಳ ಸಂಗಾಟ ಊರಿಗೆ ಬಂದಾನ. ಮಾಲಕರದು ಬಾಜೂಕ ಎರಡು ಖೋಲಿ ಮನಿ. ಆರು ಮಂದಿ. ಮಾಲಕರ ಮನಿಯವರಿಗೆ ಮೇದಾಗ ಕೋವಿಡ್ ಆಗಿತ್ತು, ಒಂದು ಖೋಲಿ ಅವರಿಗೆ ಬಿಟ್ಟು ಉಳಿದ ಐದು ಮಂದಿ ಒಂದ ಖೋಲ್ಯಾಗ ಮಲಗ್ಯಾರ. ಆಗ ನಮ್ಮ ಮನಿಯಾಕಿ ದಿನಾ ರೊಟ್ಟಿ, ಪಲ್ಯಾ ಮಾಡಿ ಕಟ್ಟಿಮ್ಯಾಲ ಇಟ್ಟು ಬರತಿದ್ಲು. ನಮ್ಮ ಅವರ ನಡುವ ಜಗಳ ಇರಲಿಲ್ಲ. ಭಾಡಿಗಿ ಮಾತಿಗೆ ಅವರೂ ದನಿ ಏರಿಸಿದ್ರು, ನಾನೂ ಏರಿಸಿದೆ. "ಕೀಲಿ" ಅನ್ನೂ ಮಾತು ಆಗ ಬಂತು.

ಉದ್ಯಮಬಾಗ ಟರ್ನರ್
12 ಜೂನ್, 9:00

ಇದು ಬ್ಯಾರೆನ ಆತಲ್ರಿ. ನಿನ್ನೆ ನಾ ಹೇಳಿದ್ದು ವಾಪಸ್ ತಗೋತೀನಿ.

ಕರಿಕೋಟು
12 ಜೂನ್, 9:50

ಸ್ವಂತ ಉಪಯೋಗಕ್ಕ ಮನಿ ಬೇಕು ಅನ್ನೂದು ಕಾನೂನಿಗೆ ಒಪ್ಪಿತ ಕಾರಣ. ಕೋರ್ಟಿಗೆ ಹೋದರ ಇವತ್ತಲ್ಲ ನಾಳೆ ಅವರು ಗೆಲ್ಲಬಹುದು, ಆದರ ಅದಕ್ಕ ವರ್ಷಗಟ್ಟಲೆ ಬೇಕು. ಮಗ ಇವತ್ತು ಮಲಗಾಕ ಜಾಗಾ ಕೇಳಾಕತ್ಯಾನ. ನಿಮಗೂ ಹಾಸು ಮುಗಿಯೂ ತನಕ ಜಾಗಾ ಬೇಕು. ಇದು ಕೂತು ಬಗಿಹರಸೂ ಮಾತು.

ಆದರ ಬಾಯಿಮಾತಿಲೆ ಬ್ಯಾಡ. ಮೊದಲು ನಿಮ್ಮ ಕಡೆಯಿಂದ ಒಂದು ಪತ್ರ ಕೊಡ್ರಿ, ರಿಜಿಸ್ಟರ್ಡ್ ಅಂಚೆಯಿಂದ. ಅದರಾಗ ಇಷ್ಟ ಇರಲಿ: "ನಾನು 2012ರಿಂದ ನಿಮ್ಮ ಭಾಡಿಗಿದಾರ. ಏಪ್ರಿಲ್, ಮೇ ಭಾಡಿಗಿ 9,000 ಬಾಕಿ ಇದ್ದದ್ದು ಒಪ್ಪತೀನಿ. ನನ್ನ ಡಿಪಾಜಿಟ್ 30,000 ನಿಮ್ಮ ಹತ್ರ ಐತಿ. ಜೂನ್ ಭಾಡಿಗಿ ಇಂಥಾ ದಿನ ಕೊಡತೀನಿ. ಕಾನೂನಿನ ದಾರಿ ಬಿಟ್ಟು ನನ್ನ ಸ್ವಾಧೀನಕ್ಕ ಅಡ್ಡಿ ಮಾಡಬಾರದು." ಸಿಟ್ಟಿನ ಮಾತು ಒಂದೂ ಬ್ಯಾಡ. ಜೂನ್ ಭಾಡಿಗಿ ಫೋನ್‌ಪೇಯಿಂದಲೋ ಬ್ಯಾಂಕಿನಿಂದಲೋ ಹಾಕ್ರಿ, ಅವರು ತಗೊಳ್ಳದಿದ್ದರ ಮನಿ ಆರ್ಡರ್ ಮಾಡಿ ವಾಪಸ್ ಬಂದ ಚೀಟಿ ಇಟ್ಟುಕೊಳ್ರಿ.

ನಿಮ್ಮ ಮನಿಯವರ ಹೆಸರಿಲೆ ಕಾನೂನು ಸೇವಾ ಪ್ರಾಧಿಕಾರಕ್ಕ ಅರ್ಜಿ ಹಾಕಿದರ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಕೇಳೂದಿಲ್ಲ, ವಕೀಲರ ಫೀ ಇಲ್ಲ. ದಾವಾ ಹಾಕೂ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಸ್ತಾರ.

ಖಾಸಬಾಗ ಅಕ್ಕ
12 ಜೂನ್, 10:20

ಕರಾರು ಮರಾಠಿಯೊಳಗ ಇದ್ರ ನಡಿತೈತೇನ್ರಿ ವಕೀಲ್ರ? ನಮ್ಮ ಕಡೆ ಹಳೇವೆಲ್ಲಾ ಹಂಗ ಅದಾವ.

ಕರಿಕೋಟು
12 ಜೂನ್, 10:30

ನಡೀತದ ಅಕ್ಕಾರ. ಭಾಷೆ ಯಾವುದಾದ್ರೂ ಇರಲಿ, ಸ್ಟಾಂಪ್ ಮತ್ತ ಸಹಿ ಬೇಕು.

ಸಿಂದಗಿ ಮಂದಿ
12 ಜೂನ್, ಮಧ್ಯಾಹ್ನ 2:00

ನಮ್ಮದೊಂದು ಹೇಳತೀನಿ, ಸಾಮಾನು ಬಿಟ್ಟು ಹೋಗೂವ್ರಿಗೆ ಬುದ್ಧಿಮಾತು ಆಗಲಿ. ನಾವು ಗೋವಾ ವಾಸ್ಕೋದಾಗ ಗೌಂಡಿ ಕೆಲಸಕ್ಕಿದ್ವಿ. ಹೋದ ವರ್ಷ ಆ ಮಾರ್ಚ್ 29ರ ಆದೇಶ ತೋರಿಸಿ ಏಪ್ರಿಲ್ ಭಾಡಿಗಿ ಮುಂದಕ ಹಾಕಿಸಿದ್ವಿ. ಮೇದಾಗ ಊರಿಗೆ ಬಂದ್ವಿ, ಖೋಲಿಗೆ ಕೀಲಿ ಹಾಕಿ. ಅಕ್ಟೋಬರ್‌ದಾಗ ಹೋದ್ರ ಖೋಲ್ಯಾಗ ಬ್ಯಾರೆ ಮಂದಿ ಇದ್ರು. ನಮ್ಮ ಸಾಮಾನು ನಾಲ್ಕು ಸಿಮೆಂಟ್ ಚೀಲದಾಗ ತುಂಬಿ ಮೆಟ್ಟಲ ಕೆಳಗ ಒಗದಿದ್ರು. ಗಾದಿ ಕೊಳತಿತ್ತು. ಮಗಳ ಶಾಲಿ ದಾಖಲಾತಿ ಸಿಗಲೇ ಇಲ್ಲ. ಅದಕ್ಕ ಸಲುವಾಗಿ ಅಕಿ ಒಂದು ವರ್ಷ ಹಿಂದ ಬಿದ್ದಾಳ. ಬಿಡ್ತೀವೋ ಇರ್ತೀವೋ, ಕಾಗದಪತ್ರ ಮಾತ್ರ ಸಂಗಾಟ ಒಯ್ರಿ.

ವಿದ್ಯಾಗಿರಿ ಹುಡುಗ
12 ಜೂನ್, 4:15

ನವನಗರ ಕಾಕಾರು ಹೋಗಿದ್ರು. ಫೈಲ್ ಸಿಕ್ಕಿತ್ರಿ! ಒಂದು ಮೂಲಿ ತೊಯ್ದೈತಿ, ಅಕ್ಷರ ಚೊಲೋ ಅದಾವ. ಒಂದು ತಿಂಗಳ ಭಾಡಿಗಿ ಅಪ್ಪ ಇವತ್ತ ಹಾಕ್ಯಾರ, ಇನ್ನೊಂದು ಜುಲೈದಾಗ. ಕಾಕಾ, ನಿಮ್ಮ ಉಪಕಾರ ಮರಿಯಂಗಿಲ್ಲ.

ನಿರ್ವಾಹಕ
12 ಜೂನ್, 4:40

ಮಧ್ಯದಲ್ಲಿ ಒಬ್ಬರು ಮಾಲೀಕರ ಹೆಸರು, ಫೋನ್ ನಂಬರ್ ಹಾಕಿದ್ದರು, ತೆಗೆದಿದ್ದೇವೆ. ದಯವಿಟ್ಟು ಯಾರ ಹೆಸರೂ ಹಾಕಬೇಡಿ.

ಟಿಳಕವಾಡಿ ಮನಿಮಾಲಕ
13 ಜೂನ್, 7:30

ನೇಕಾರ್ರ, ನಾ ಒಬ್ಬ ಮಾಲಕನಾಗಿ ಹೇಳತೀನಿ. ನಿಮ್ಮ ಮಾಲಕರ ಮನಸ್ಸಿನ್ಯಾಗ ಇರೂ ಅಂಜಿಕಿ ಎರಡು. ಒಂದು, ಇವರು ಬಿಡೂದೇ ಇಲ್ಲೇನೋ ಅಂತ. ಎರಡು, ಬಾಕಿ ಮುಳುಗ್ತೈತೇನೋ ಅಂತ. ನೀವಾಗೇ ಹೋಗಿ "ಇಂಥಾ ತಾರೀಖಿಗೆ ಬಿಡತೀನಿ, ಬರಕೊಡತೀನಿ, ಬಾಕಿ ಡಿಪಾಜಿಟ್‌ನಾಗ ಮುರಕೊಳ್ರಿ" ಅಂದ್ರ ಅವರು ನಿಮಗ ಕೇಳಿದಷ್ಟು ಟೈಮ್ ಕೊಡತಾರ. ನನ್ನ ಭಾಡಿಗಿದಾರರು ಹಿಂಗ ಒಂದು ಮಾತು ಬಂದು ಹೇಳಿದ್ದರ 42,000 ನಾನ ಬಿಟ್ಟುಕೊಡತಿದ್ದೆ.

ಬನಹಟ್ಟಿ ಹಾಸು
13 ಜೂನ್, 8:10

ಬಿಡಾಕ ಯಾಕ ಒಪ್ಪಬೇಕ್ರಿ ಕಾಕಾ? ಕಾನೂನಿನ ಪ್ರಕಾರ ಇನ್ನೂ ಇರಾಕ ಬರ್ತೈತಿ ಅಂತ ವಕೀಲರ ಹೇಳ್ಯಾರ. ಒಮ್ಮೆ ಬರಕೊಟ್ಟರ ಕೈ ಕಟ್ಟಿ ಹಾಕಿದಂಗ. ಮಗ್ಗಕ್ಕ ಜಾಗಾ ಸಿಗೂ ತನಕ ತಾರೀಖು ಹಾಕಿ ಸಹಿ ಮಾಡಬ್ಯಾಡ ತಮ್ಮಾ.

ಟಿಳಕವಾಡಿ ಮನಿಮಾಲಕ
13 ಜೂನ್, 8:25

ಬಾಜೂಕನ ಇರೂ ಮಾಲಕರ ಮೊಮ್ಮಕ್ಕಳು ನೆಲದ ಮ್ಯಾಲ ಮಲಗ್ಯಾವ. ಕಾನೂನು ಐತಂತ ಅದನ್ನ ನೋಡಕೋತ ಇರೂದು ನನಗ ಸೇರೂದಿಲ್ಲ.

ಬನಹಟ್ಟಿ ಹಾಸು
13 ಜೂನ್, 8:40

ಇವರ ಮಕ್ಕಳೂ ಮಕ್ಕಳರಿ. ಮಗ್ಗ ನಿಂತರ ಅವು ಏನು ತಿಂತಾವ?

ಖಾಸಬಾಗ ಅಕ್ಕ
13 ಜೂನ್, 9:30

ಇಬ್ಬರೂ ಸುಮ್ಮನ ಆಗ್ರಿ. ತಮ್ಮಾ, ನಮ್ಮ ಭಾವನ ಶೆಡ್ ಖಾಲಿ ಐತಿ ಖಾಸಬಾಗದಾಗ. ಅವರೂ ಹೋದ ವರ್ಷ ಎರಡು ಮಗ್ಗ ಮಾರಿದ್ರು. ಮಗ್ಗದ ಮೀಟರ್ ಇನ್ನೂ ಐತಿ, ಕಟ್ ಮಾಡಿಸಿಲ್ಲ. ಪತ್ರಾ ಎರಡು ಕಡೆ ಸೋರ್ತಾವ, ರಿಪೇರಿ ಮಾಡಬೇಕು. ಮಳಿಗಾಲ ಮುಗಿಲಿ, ಆಮ್ಯಾಲ ಬಂದು ನೋಡ್ರಿ. ಭಾಡಿಗಿ ಮಾತು ಭಾವನ ಕೂಡ ಆಡಿಸ್ತೀನಿ.

ವಡಗಾವಿ ನೇಕಾರ
13 ಜೂನ್, 9:55

ಅಕ್ಕಾರ, ಏನು ಹೇಳಬೇಕು ತಿಳಿವಲ್ದು. ಮನಿಯಾಕಿಗೆ ಓದಿ ಹೇಳಿದೆ, ಕಣ್ಣೀರ ತಂದ್ಲು.

ವಡಗಾವಿ ನೇಕಾರ
23 ಜೂನ್, ರಾತ್ರಿ 9:10

ಏನಾತು ಅಂತ ಬಹಳ ಮಂದಿ ಕೇಳೀರಿ.

ವಕೀಲರು ಹೇಳಿದಂಗ ಪತ್ರ ಬರದೆ, ಅಂಚೆಗೆ ಹಾಕೂ ಮೊದಲು ಕೈಯಾಗ ಹಿಡಕೊಂಡು ಮಾಲಕರ ಮನಿಗೆ ಹೋದೆ. ಅವರೂ ನಾನೂ ಒಂದೀಟು ಹೊತ್ತು ಮಾತಾಡಲಿಲ್ಲ. ಅವರ ಮನಿಯವರು ಚಹಾ ಕೊಟ್ಟರು. ಮಾಲಕರು ಪತ್ರ ಎರಡು ಸಲ ಓದಿ "ಕೀಲಿ ಅಂದದ್ದು ಸಿಟ್ಟಿನ್ಯಾಗ ಅಂದೆ" ಅಂದ್ರು. ನಾನೂ ದನಿ ಏರಿಸಿದ್ದಕ್ಕ ತಪ್ಪಾತು ಅಂದೆ.

ಸ್ಟಾಂಪ್ ಪೇಪರ್ ಮ್ಯಾಲ ಬರಕೊಂಡೇವಿ. ದೀಪಾವಳಿ ಪಾಡ್ಯದ ತನಕ ನಾವು ಇಲ್ಲೇ. 9,000 ಡಿಪಾಜಿಟ್‌ನಾಗ ಮುರಕೋತಾರ, ಉಳಿದ 21,000 ಮಗ್ಗ ಎತ್ತೂ ದಿನ ಕೈಗೆ. ಅಲ್ಲಿ ತನಕ ನೀರು, ಕರೆಂಟು ತಗಿಯಂಗಿಲ್ಲ, ಕೀಲಿ ಹಾಕಂಗಿಲ್ಲ ಅಂತ ಬರಸೀನಿ. ಬನಹಟ್ಟಿ ಅಣ್ಣಾರು ಹೇಳಿದ್ದೂ ತಲಿಯಾಗ ಇತ್ತು, ಅದಕ್ಕ ಖಾಸಬಾಗದ ಶೆಡ್ ನೋಡಿ ಬಂದ ಮ್ಯಾಲನ ತಾರೀಖು ಹಾಕಿದ್ದು. ಹಿಂದಿನ ಖೋಲಿ ಈಗಿಂದನ ಅವರ ಮಗಗ ಬಿಟ್ಟುಕೊಟ್ಟೇವಿ, ಅದಕ್ಕ ಭಾಡಿಗಿ 3,000 ಮಾಡ್ಯಾರ. ನಾವು ಮಗ್ಗದ ಸಂದ್ಯಾಗ ಹಾಸಿಗಿ ಹಾಸ್ಕೋತೀವಿ.

ಸರ್ಕಾರ ಜೂನ್ 3ಕ್ಕ ಹೇಳಿದ ಪವರ್‌ಲೂಮ್ ಕಾರ್ಮಿಕರ 3,000ಕ್ಕೂ ಕಾಗದ ಕೊಟ್ಟೀನಿ, ಬಂದ್ರ ಒಂದು ತಿಂಗಳ ಭಾಡಿಗಿ ಆಗ್ತೈತಿ. ಸಾವಕಾರ್ರು ನಿನ್ನೆ ಅಂಗಡಿ ತಗದಾರ, ಹೊಕ್ಕಿನ (ಅಡ್ಡ ಎಳಿಯ) ನೂಲು ಕೊಟ್ಟಾರ. ಇವತ್ತ ಮುಂಜಾನೆ ಧೋತರ ತಗದು ಮಗ್ಗ ಚಾಲೂ ಮಾಡಿದೆ. ಹಾಸಿನ್ಯಾಗ ಹದಿನಾಲ್ಕು ಎಳಿ ಹರದಿದ್ದು, ಒಂದೊಂದ ಕಟ್ಟಿದೆ. ಮಾಲಕರ ಸಣ್ಣ ಮೊಮ್ಮಗ ಬಾಗಲದಾಗ ಕುಂತು ಲಾಳಿ ಓಡ್ಯಾಡೂದು ನೋಡಾಕತ್ತಿದ್ದ.

ಟಿಳಕವಾಡಿ ಮನಿಮಾಲಕ
23 ಜೂನ್, 9:30

ಬಹಳ ಸಂತೋಷ ಆತು. ಜೂನ್ ಭಾಡಿಗಿ ಕೊಟ್ಟ ಪಾವತಿ ತಗೊಂಡ್ರಿಲ್ಲೋ?

ವಡಗಾವಿ ನೇಕಾರ
23 ಜೂನ್, 9:34

ತಗೊಂಡೀನ್ರಿ ಕಾಕಾ, ಸಹಿ ಸಮೇತ. ಕರಾರಿನ ಜೋಡಿ ಒಂದ ಫೈಲ್‌ನಾಗ ಇಟ್ಟೀನಿ, ಕಿಡಕಿಯಿಂದ ದೂರ.